ವಾರ್ಡಿನ ವರಾಂಡಕ್ಕೂ ಕನ್ನಡ ಬೇಕು

ಇಂಡಿಯಿಂದಲೋ ಅಫಜಲಪುರದಿಂದಲೋ ಕಾಯಿಲೆಯ ಮಗುವನ್ನೆತ್ತಿಕೊಂಡು, ಸೊಲ್ಲಾಪುರ ದಾಟಿ ಪುಣೆಯ ದೊಡ್ಡ ಆಸ್ಪತ್ರೆಗಳಿಗೆ ಬರುವ ತಂದೆತಾಯಿಯರನ್ನು ನಮ್ಮಲ್ಲಿ ಎಷ್ಟು ಮಂದಿ ಮಾತನಾಡಿಸಿದ್ದೇವೆ? ಐಸಿಯು ಬಾಗಿಲು ಮುಚ್ಚಿರುತ್ತದೆ. ಡಾಕ್ಟರು ಮರಾಠಿಯಲ್ಲಿ ಹೇಳಿದ್ದರಲ್ಲಿ ತಾಯಿಗೆ ತಿಳಿದದ್ದು ಅವರ ಮುಖಭಾವ ಮಾತ್ರ. ಸಹಿ ಹಾಕಿದ ಕಾಗದದಲ್ಲಿ ಏನಿದೆಯೋ ತಂದೆಗೆ ಗೊತ್ತಿಲ್ಲ. ಮಗು ಉಳಿದೀತೇ ಎಂಬ ಭಯದ ಮೇಲೆ ಇದೊಂದು ಕತ್ತಲೆ.

ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದು, ಕಾಯಿಲೆಯ ವಿವರವನ್ನು ಅವರಿಗೆ ತಿಳಿಯುವ ಭಾಷೆಯಲ್ಲೇ ಹೇಳಬೇಕೆನ್ನುತ್ತದೆ. ಆದರೆ ರಾತ್ರಿ ಪಾಳಿಯ ಡಾಕ್ಟರು ಕನ್ನಡವನ್ನು ಎಲ್ಲಿಂದ ತಂದಾರು? ಎರಡೂ ಭಾಷೆ ಬಲ್ಲವರು ನಾವಲ್ಲವೇ?

ರಾಜ್ಯೋತ್ಸವ, ಹಾರತುರಾಯಿ ಬೇಡವೆನ್ನುತ್ತಿಲ್ಲ. ನವೆಂಬರಿನಲ್ಲಿ ವೇದಿಕೆಯ ಮೇಲೆ ಮೊಳಗುವ ಕನ್ನಡ ಮಿಕ್ಕ ದಿನ ವಾರ್ಡಿನ ವರಾಂಡದಲ್ಲಿ ಮೂಕವಾದರೆ ಆ ಅಭಿಮಾನಕ್ಕೆ ಬೆಲೆಯೇನು? "ದೇಣಿಗೆ ಕೊಡುತ್ತೇವಲ್ಲ" ಎಂದೀರಿ. ಹಣ ಔಷಧಿ ತಂದೀತು, ಡಾಕ್ಟರ ಮಾತನ್ನು ತಿಳಿಸಲಾರದು.

1867ರಿಂದ ಬಡವರಿಗೆ ಆಸರೆಯಾಗಿರುವ ಸಸೂನ್ ಆಸ್ಪತ್ರೆಯಿಂದಲೇ ಆರಂಭಿಸೋಣ. ಅಲ್ಲಿ ನಮ್ಮ ಸಂಘದ ಫೋನ್ ನಂಬರು ಇರಲಿ. ವಾರಕ್ಕೆರಡು ತಾಸು ಕೊಡಬಲ್ಲವರು ಹೆಸರು ಬರೆಸಲಿ. ಹೋದವರು ಡಾಕ್ಟರು ಹೇಳಿದ್ದನ್ನು ಹೇಳಿದಂತೆಯೇ ತಿಳಿಸಬೇಕು. ಹುಸಿ ಸಮಾಧಾನ ಬೇಡ. "ಇನ್ನೆರಡು ದಿನ ಏನೂ ಹೇಳಲಾಗದು" ಎಂಬ ಮಾತಾದರೂ ಸರಿ, ತಾಯಿ ಅದನ್ನು ತನ್ನ ಭಾಷೆಯಲ್ಲಿ ಕೇಳಲಿ.