ಚಿತ್ತಾ ಮಳೆಯಲ್ಲಿ ಲಾಲ್‌ಬಾಗ್

ದಸರಾ ರಜೆಯ ಆಸುಪಾಸಿನಲ್ಲಿಯೇ ಚಿತ್ತಾ ಮಳೆಯೂ ಹಿಡಿಯುತ್ತದೆ. ಅಕ್ಟೋಬರ್ ಎರಡನೆಯ ವಾರದಿಂದ ಸುಮಾರು 24ರವರೆಗೆ ಸೂರ್ಯನು ಚಿತ್ತಾ ನಕ್ಷತ್ರದಲ್ಲಿರುತ್ತಾನೆ. ಆ ದಿನಗಳಲ್ಲಿ ಬೀಳುವ ಮಳೆಗೆ ರೈತರು ಇಟ್ಟ ಹೆಸರು ಅದು. ಬೆಳಿಗ್ಗೆ ಬಿಸಿಲು, ಮಧ್ಯಾಹ್ನ ಮೋಡ, ಸಂಜೆ ಗುಡುಗು. ಬೆಂಗಳೂರಿನಲ್ಲಿ ಇಂಥದೊಂದು ದಿನ ನಾಲ್ಕಾರು ಗೆಳೆಯರು ಕೂಡಿ ‘ಲಾಲ್‌ಬಾಗಿಗೆ ಹೋಗಿ ಬರುತ್ತೇವೆ’ ಎಂದರೆ ಮನೆಯಲ್ಲಿ ಸಿಗುವ ಉತ್ತರ ಎಲ್ಲರಿಗೂ ಗೊತ್ತು: ‘ಈ ಮಳೆಯಲ್ಲಿ ಅಲ್ಲೇನಿದೆ ನೋಡಲಿಕ್ಕೆ? ನೆಗಡಿಯಾಗುತ್ತೆ. ಜನವರಿಯಲ್ಲಿ ಫಲಪುಷ್ಪ ಪ್ರದರ್ಶನಕ್ಕೆ ಹೋದರಾಯಿತು, ಬಿಡು.’

ನೆಗಡಿಯನ್ನು ತರುವುದು ವೈರಸ್ಸೇ ಹೊರತು ಮಳೆನೀರಲ್ಲ. ಅದಿರಲಿ. ಪ್ರದರ್ಶನದ ದಿನ ಕಾಣುವುದು ಮನುಷ್ಯರು ಜೋಡಿಸಿಟ್ಟ ಹೂವುಗಳು. ಮಳೆಯ ದಿನ ಕಾಣುವುದು ತೋಟವು ತಾನಾಗಿ ಮಾಡುವ ಕೆಲಸ. ಅದಕ್ಕೆ ನೂಕುನುಗ್ಗಲೂ ಇಲ್ಲ. ಬೇಕಾದದ್ದು ಒಂದು ಕೊಡೆ, ಜಾರದ ಚಪ್ಪಲಿ, ಒಂದು ಕೈಗಡಿಯಾರ, ಮತ್ತು ಪ್ರಶ್ನೆ ಕೇಳಲು ಅಂಜದ ಜೊತೆಗಾರರು.

ಎಲೆ ಉದುರದ ಶರತ್ಕಾಲ

ಇಂಗ್ಲಿಷ್ ಪಠ್ಯಗಳಲ್ಲಿ ‘ಆಟಂ’ ಎಂದರೆ ಎಲೆಗಳು ಕೆಂಪಾಗಿ, ಹಳದಿಯಾಗಿ ಉದುರುವ ಕಾಲ. ನಿಘಂಟಿನಲ್ಲಿ ಅದರ ಮುಂದೆ ‘ಶರದೃತು’ ಎಂದಿರುತ್ತದೆ. ಆದರೆ ಆಶ್ವಯುಜ, ಕಾರ್ತಿಕ ಮಾಸಗಳ ಶರದೃತುವಿನಲ್ಲಿ ಲಾಲ್‌ಬಾಗಿಗೆ ಹೋದವರಿಗೆ ಕಾಣುವುದು ಹಸಿರೋ ಹಸಿರು! ಹಾಗಾದರೆ ಪುಸ್ತಕ ತಪ್ಪೇ?

ಪುಸ್ತಕ ತಪ್ಪಲ್ಲ, ಊರು ಬೇರೆ. ಲಂಡನ್ನಿನಲ್ಲಿ ಬೇಸಿಗೆಯ ಅತಿ ದೀರ್ಘ ಹಗಲು ಹದಿನಾರೂವರೆ ಗಂಟೆ. ಚಳಿಗಾಲದ ಅತಿ ಚಿಕ್ಕ ಹಗಲು ಎಂಟು ಗಂಟೆಗೂ ಕಡಿಮೆ. ಹಗಲು ಕುಗ್ಗುತ್ತ, ಚಳಿ ಏರುತ್ತ ಬಂದಂತೆ ಅಲ್ಲಿನ ಅನೇಕ ಮರಗಳು ಎಲೆಗಳಲ್ಲಿನ ಸಾರವನ್ನು ಹಿಂದಕ್ಕೆ ಎಳೆದುಕೊಂಡು, ತೊಟ್ಟಿನ ಬುಡದಲ್ಲಿ ಒಂದು ತೆಳು ಪದರ ಬೆಳೆಸಿ, ಎಲೆಯನ್ನು ಕಳಚಿಬಿಡುತ್ತವೆ. ಬೆಂಗಳೂರಿನಲ್ಲಿ ಅತಿ ದೀರ್ಘ ಹಗಲಿಗೂ ಅತಿ ಚಿಕ್ಕ ಹಗಲಿಗೂ ಇರುವ ಅಂತರ ಸುಮಾರು ಒಂದೂವರೆ ಗಂಟೆ ಮಾತ್ರ. ಇಲ್ಲಿ ಎಲೆ ಉದುರಿಸುವ ಮರಗಳು ಮುಖ್ಯವಾಗಿ ಹೆದರುವುದು ನೀರಿನ ಅಭಾವಕ್ಕೆ. ಆದ್ದರಿಂದ ಅವು ಬೋಳಾಗುವುದು ಮಳೆ ನಿಂತು ನೆಲ ಒಣಗಿದ ಮೇಲೆ, ಶಿಶಿರದಲ್ಲಿ.

ನೈಋತ್ಯ ಮುಂಗಾರು ಹಿಂದೆ ಸರಿಯುವಾಗ ಗಾಳಿಯ ದಿಕ್ಕು ಬದಲಾಗಿ ಬಂಗಾಳ ಕೊಲ್ಲಿಯ ತೇವ ದಕ್ಷಿಣ ಕರ್ನಾಟಕದತ್ತ ಬರುತ್ತದೆ. ಬೆಳಗಿನ ಬಿಸಿಲಿಗೆ ಕಾದ ನೆಲ ಆ ತೇವದ ಗಾಳಿಯನ್ನು ಮೇಲಕ್ಕೆ ತಳ್ಳಿದಾಗ ಮಧ್ಯಾಹ್ನದ ಹೊತ್ತಿಗೆ ಮೋಡ ಗೋಪುರದಂತೆ ಬೆಳೆದು ನಿಲ್ಲುತ್ತದೆ. ಬೆಂಗಳೂರಿಗೆ ಹೆಚ್ಚು ಮಳೆ ಸುರಿಯುವ ತಿಂಗಳುಗಳು ಸೆಪ್ಟೆಂಬರ್ ಮತ್ತು ಅಕ್ಟೋಬರ್ ಆಗಿರುವುದರಲ್ಲಿ ಈ ಸಂಜೆಯ ಮಳೆಗಳ ಪಾಲು ದೊಡ್ಡದು.

ಮಣ್ಣಿನ ವಾಸನೆಯ ಗುಟ್ಟು

ಮೊದಲ ನಾಲ್ಕು ಹನಿ ಬೀಳುತ್ತಿದ್ದಂತೆ ಮೂಗಿಗೆ ಬಡಿಯುವ ಘಮಲು ಯಾರಿಗೆ ಗೊತ್ತಿಲ್ಲ? 1964ರಲ್ಲಿ ಆಸ್ಟ್ರೇಲಿಯಾದ ಇಸಬೆಲ್ ಜಾಯ್ ಬೇರ್ ಮತ್ತು ರಿಚರ್ಡ್ ಥಾಮಸ್ ಎಂಬ ವಿಜ್ಞಾನಿಗಳು ಇದಕ್ಕೆ ‘ಪೆಟ್ರಿಕೋರ್’ ಎಂದು ಹೆಸರಿಟ್ಟರು. ಅದಕ್ಕೂ ಎಷ್ಟೋ ಮೊದಲಿನಿಂದ ಉತ್ತರ ಪ್ರದೇಶದ ಕನೌಜಿನಲ್ಲಿ ಒಣ ಮಣ್ಣನ್ನು ಭಟ್ಟಿ ಇಳಿಸಿ ಇದೇ ವಾಸನೆಯ ಅತ್ತರು ತಯಾರಿಸುತ್ತಿದ್ದರು, ಈಗಲೂ ತಯಾರಿಸುತ್ತಾರೆ. ವಾಸನೆಯಲ್ಲಿ ಮುಖ್ಯ ಪಾಲು ‘ಜಿಯೋಸ್ಮಿನ್’ ಎಂಬ ವಸ್ತುವಿನದು. ಮಣ್ಣಿನಲ್ಲಿರುವ ಸ್ಟ್ರೆಪ್ಟೊಮೈಸಿಸ್ ಮುಂತಾದ ಬ್ಯಾಕ್ಟೀರಿಯಗಳು ಇದನ್ನು ತಯಾರಿಸುತ್ತವೆ. ಕ್ಷಯದ ಚಿಕಿತ್ಸೆಗೆ ಬಳಸುವ ಸ್ಟ್ರೆಪ್ಟೊಮೈಸಿನ್ ದೊರೆತದ್ದೂ ಇದೇ ವಂಶದ ಬ್ಯಾಕ್ಟೀರಿಯದಿಂದ.

ಮಣ್ಣಿನೊಳಗಿನ ವಾಸನೆ ಮೂಗಿನವರೆಗೆ ಏರುವುದು ಹೇಗೆ? 2015ರಲ್ಲಿ ಅಮೆರಿಕದ ಎಂ.ಐ.ಟಿ. ಸಂಸ್ಥೆಯವರು ಅತಿ ವೇಗದ ಕ್ಯಾಮೆರಾದಿಂದ ಇದನ್ನು ತೋರಿಸಿದರು. ಹನಿ ಮಣ್ಣಿಗೆ ಬಿದ್ದಾಗ ಸಂದುಗಳಲ್ಲಿದ್ದ ಗಾಳಿ ಗುಳ್ಳೆಯಾಗಿ ಹನಿಯೊಳಗೆ ಏರುತ್ತದೆ. ಮೇಲೆ ಬಂದು ಒಡೆಯುತ್ತದೆ. ಸೋಡಾ ಲೋಟದ ಮೇಲೆ ಚಿಮ್ಮುವಂತೆ ಸೂಕ್ಷ್ಮ ತುಂತುರು ಗಾಳಿಗೆ ಸೇರುತ್ತದೆ. ಮಳೆ ಹಗುರವಾಗಿದ್ದರೆ ಈ ತುಂತುರು ಹೆಚ್ಚು. ಜಡಿಮಳೆಗಿಂತ ಮೊದಲ ಹನಿಗಳೇ ಹೆಚ್ಚು ಘಮಘಮಿಸುವುದಕ್ಕೆ ಇದೊಂದು ಕಾರಣ.

ಬ್ಯಾಕ್ಟೀರಿಯಕ್ಕೆ ಇದರಿಂದ ಏನು ಲಾಭ? 2020ರಲ್ಲಿ ಪ್ರಕಟವಾದ ಒಂದು ಸಂಶೋಧನೆಯ ಪ್ರಕಾರ, ಮಣ್ಣಿನಲ್ಲಿ ಕುಪ್ಪಳಿಸಿ ಬದುಕುವ ‘ಸ್ಪ್ರಿಂಗ್‌ಟೇಲ್’ ಎಂಬ ಚಿಕ್ಕ ಜೀವಿಗಳು ಈ ವಾಸನೆ ಹಿಡಿದು ಬಂದು ಸ್ಟ್ರೆಪ್ಟೊಮೈಸಿಸನ್ನು ತಿನ್ನುತ್ತವೆ; ಮೈಗೆ ಅಂಟಿಸಿಕೊಂಡ ಬೀಜಕಣಗಳನ್ನು ಬೇರೆಡೆಗೆ ಹೊತ್ತೊಯ್ಯುತ್ತವೆ. ಹೂವು ಜೇನನ್ನು ಕರೆಯುವಂತೆಯೇ ಇದೂ!

ಹನಿ, ಎಲೆ, ನೆಲ

ಚಿತ್ರ ಬರೆಯುವವರೆಲ್ಲ ಮಳೆಹನಿಯನ್ನು ಕಣ್ಣೀರಿನ ಆಕಾರದಲ್ಲಿ ಬರೆಯುತ್ತಾರೆ. ನಿಜವಾಗಿ ಚಿಕ್ಕ ಹನಿ ಗುಂಡಗೆ. ದೊಡ್ಡ ಹನಿಯ ಕೆಳಭಾಗ ಗಾಳಿಯ ಒತ್ತಡಕ್ಕೆ ಚಪ್ಪಟೆಯಾಗಿ ಬನ್ನಿನಂತಿರುತ್ತದೆ. ಇನ್ನೂ ದೊಡ್ಡದಾದರೆ ಒಡೆದುಹೋಗುತ್ತದೆ. ಗಾಳಿಯ ತಡೆ ಇಲ್ಲದೆ ಒಂದು ಕಿ.ಮೀ. ಎತ್ತರದಿಂದ ಬಿದ್ದರೆ ಹನಿ ಗಂಟೆಗೆ ಸುಮಾರು 500 ಕಿ.ಮೀ. ವೇಗದಲ್ಲಿ ತಲೆಗೆ ಬಡಿಯಬೇಕಿತ್ತು. ಗಾಳಿಯ ದಯೆಯಿಂದ 2 ಮಿ.ಮೀ. ದಪ್ಪದ ಹನಿಯ ವೇಗ ಸೆಕೆಂಡಿಗೆ ಆರೂವರೆ ಮೀಟರಿನ ಆಸುಪಾಸಿನಲ್ಲಿ ನಿಂತುಬಿಡುತ್ತದೆ. ಅಂದರೆ ಗಂಟೆಗೆ ಸುಮಾರು 23 ಕಿ.ಮೀ. ಸೈಕಲ್ಲನ್ನು ಜೋರಾಗಿ ತುಳಿದಷ್ಟು!

ಎಲೆಗಳು ಈ ನೀರನ್ನು ಬಗೆಬಗೆಯಾಗಿ ಬರಮಾಡಿಕೊಳ್ಳುತ್ತವೆ. ಕೆಸುವಿನ ಎಲೆಯ ಮೇಲೆ ಹನಿ ಮುತ್ತಿನಂತೆ ಉರುಳುತ್ತದೆ. ತಾವರೆ ಎಲೆಯಲ್ಲೂ ಹಾಗೆಯೇ. ಬರಿಗಣ್ಣಿಗೆ ಕಾಣದ ಮೇಣದ ಉಬ್ಬುಗಳ ತುದಿಯಲ್ಲಷ್ಟೆ ಹನಿ ಕುಳಿತಿರುತ್ತದೆ, ಕೆಳಗೆ ಗಾಳಿ. ಉರುಳುವಾಗ ಧೂಳನ್ನೂ ಹೊತ್ತೊಯ್ಯುತ್ತದೆ. ಅರಳಿ ಎಲೆಯ ಉದ್ದನೆಯ ಬಾಲದಂಥ ತುದಿ ನೀರನ್ನು ಬೇಗ ಜಾರಿಸುತ್ತದೆ. ಮಳೆಮರವೆಂದು ಕರೆಯುವ ದಕ್ಷಿಣ ಅಮೆರಿಕ ಮೂಲದ ಮರವಂತೂ ಮೋಡ ಕವಿದರೆ ಸಾಕು, ಎಲೆ ಮಡಿಸಲು ತೊಡಗುತ್ತದೆ. ಎಲೆಗಳ ಬುಡದಲ್ಲಿರುವ ಉಬ್ಬಿನ ಒಂದು ಪಕ್ಕದ ಕೋಶಗಳು ನೀರು ಬಿಟ್ಟುಕೊಟ್ಟು ಸಡಿಲವಾಗುವುದರಿಂದ ಹೀಗಾಗುತ್ತದೆ. ಮುಟ್ಟಿದರೆ ಮುನಿಯ ಮಾಡುವುದೂ ಇದನ್ನೇ.

ಮಳೆ ನಿಂತರೂ ಮರದ ಹನಿ ನಿಲ್ಲದು ಎಂಬ ಗಾದೆಯಲ್ಲಿ ಒಳ್ಳೆಯ ವಿಜ್ಞಾನವಿದೆ. ಎಲೆಗಳ ಮೇಲೆ ಸೇರಿಕೊಂಡು ಬೀಳುವ ಹನಿಗಳು ಸಾಮಾನ್ಯವಾಗಿ ಮಳೆಹನಿಗಿಂತ ದಪ್ಪ. ಎತ್ತರದ ಕೊಂಬೆಯಿಂದ ಬಿದ್ದರೆ ಅವು ಬರಿ ಮಣ್ಣನ್ನು ಇನ್ನಷ್ಟು ಕೆದಕಬಲ್ಲವು. ಆ ಪೆಟ್ಟನ್ನು ತಡೆಯುವುದು ಬುಡದಲ್ಲಿ ಬಿದ್ದ ತರಗೆಲೆ. ‘ಸ್ವಚ್ಛತೆ’ಯೆಂದು ಮರದ ಕೆಳಗಿನ ಎಲೆಯನ್ನೆಲ್ಲ ಗುಡಿಸಿ ಸುಡುವವರು ಮಣ್ಣಿನ ಕೊಡೆಯನ್ನೇ ಕಿತ್ತುಕೊಂಡಂತೆ.

ಮುನ್ನೂರು ಕೋಟಿ ವರ್ಷದ ಬಂಡೆ

ಹೈದರಾಲಿ 1760ರಲ್ಲಿ ಆರಂಭಿಸಿ, ಟಿಪ್ಪು ಸುಲ್ತಾನ್ ಬೆಳೆಸಿದ ಈ ತೋಟಕ್ಕೆ ಇನ್ನೂರ ಅರವತ್ತಕ್ಕೂ ಹೆಚ್ಚು ವರ್ಷ ವಯಸ್ಸು. ಗಾಜಿನ ಮನೆಗೆ 1889ರಲ್ಲಿ ಅಡಿಗಲ್ಲು ಬಿತ್ತು. ಆದರೆ ಕೆಂಪೇಗೌಡ ಗೋಪುರವನ್ನು ಹೊತ್ತ ಬಂಡೆಯ ಮುಂದೆ ಇವೆಲ್ಲ ನಿನ್ನೆ ಮೊನ್ನೆಯವು. ‘ಪೆನಿನ್ಸುಲರ್ ನೈಸ್’ ಎಂಬ ಈ ಶಿಲೆಯ ವಯಸ್ಸು ಸುಮಾರು 300 ಕೋಟಿ ವರ್ಷ. ಭೂಮಿಯ ವಯಸ್ಸಿನ ಮೂರನೆಯ ಎರಡು ಭಾಗ! ಹಿಮಾಲಯ ಮೇಲೇಳಲು ತೊಡಗಿ ಇನ್ನೂ ಸುಮಾರು 5 ಕೋಟಿ ವರ್ಷವಷ್ಟೇ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಈ ಬಂಡೆಯನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ.

ತುಂತುರು ಮಳೆಯೇ ಇದನ್ನು ನೋಡಲು ತಕ್ಕ ಹೊತ್ತು. ಒಣಗಿದಾಗ ಬೂದುಬಣ್ಣಕ್ಕೆ ಕಾಣುವ ಕಲ್ಲು, ನೆನೆದಾಗ ಬಿಳಿ, ಕಪ್ಪು ಪಟ್ಟಿಗಳನ್ನು ಬಿಚ್ಚಿ ತೋರಿಸುತ್ತದೆ. ಬಿಳಿಯವು ಬೆಣಚು ಮತ್ತು ಫೆಲ್ಡ್‌ಸ್ಪಾರ್. ಕಪ್ಪಿನವು ಕಬ್ಬಿಣದ ಅಂಶ ಹೆಚ್ಚಿರುವ ಅಭ್ರಕದಂಥ ಖನಿಜಗಳು. ಮಳೆನೀರಿನಲ್ಲಿ ಕರಗಿದ ಇಂಗಾಲದ ಡೈಆಕ್ಸೈಡ್ ಅದನ್ನು ತೀರ ದುರ್ಬಲ ಆಮ್ಲವನ್ನಾಗಿ ಮಾಡಿರುತ್ತದೆ. ಆ ನೀರು ಲಕ್ಷಾಂತರ ವರ್ಷ ಹರಿದು ಫೆಲ್ಡ್‌ಸ್ಪಾರನ್ನು ಜೇಡಿಯಾಗಿಸಿ, ಕಬ್ಬಿಣವನ್ನು ತುಕ್ಕಾಗಿಸಿದ್ದರಿಂದಲೇ ಬೆಂಗಳೂರಿನ ಕೆಂಪು ಮಣ್ಣು ಹುಟ್ಟಿದೆ.

ಬಂಡೆಯ ಬುಡದಲ್ಲಿ ಗೆಳೆಯರು ಇನ್ನೊಂದು ಸಂಗತಿಯನ್ನು ಗಮನಿಸಬಹುದು. ಬಂಡೆಯ ಮೇಲೆ ಬಿದ್ದ ನೀರು ಒಂದು ನಿಮಿಷವೂ ನಿಲ್ಲದೆ ಕೆಳಗೆ ಓಡುತ್ತದೆ. ಪಕ್ಕದ ಮರದಡಿಯ ಮಣ್ಣಿನಲ್ಲಿ ಅಷ್ಟೇ ಮಳೆ ಇಂಗಿಹೋಗುತ್ತದೆ. ಲೆಕ್ಕ ಹಾಕಿ: ಲಾಲ್‌ಬಾಗಿನ ವಿಸ್ತೀರ್ಣ ಸುಮಾರು 240 ಎಕರೆ, ಅಂದರೆ ಸುಮಾರು 9,71,000 ಚದರ ಮೀಟರ್. ಒಂದು ಸೆಂಟಿಮೀಟರ್ ಮಳೆಯಾದರೆ ಅದರ ಮೇಲೆ ಬೀಳುವ ನೀರು ಸುಮಾರು 97 ಲಕ್ಷ ಲೀಟರ್. ಆರು ಸಾವಿರ ಲೀಟರಿನ ಟ್ಯಾಂಕರುಗಳಲ್ಲಿ ತುಂಬಿಸಿದರೆ 1600 ಟ್ಯಾಂಕರ್! 30-40 ಅಡಿ ನಿವೇಶನವಿಡೀ ತಾರಸಿಯಿದ್ದರೆ ಅದೇ ಮಳೆಗೆ ಅಲ್ಲಿ 1100 ಲೀಟರ್.

2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಬಡಾವಣೆಗಳಲ್ಲಿ ಜನರನ್ನು ದೋಣಿಯಲ್ಲಿ ಸಾಗಿಸಬೇಕಾಯಿತು. 2024ರ ಮಾರ್ಚಿನಲ್ಲಿ ಇದೇ ನಗರ ಟ್ಯಾಂಕರ್ ನೀರಿಗೆ ಸಾಲು ನಿಂತಿತು. ಸಿಮೆಂಟು, ಡಾಂಬರು ಹಾಸಿದ ನೆಲವೂ ಆ ಬಂಡೆಯಂತೆಯೇ ನೀರನ್ನು ಓಡಿಸುತ್ತದೆ. ಒಂದೇ ಕಾರಣಕ್ಕೆ ಎರಡು ಕಷ್ಟ. ಮಕ್ಕಳು ಇದನ್ನು ಪಾಠದಲ್ಲಿ ಓದುವುದಕ್ಕೂ, ಬಂಡೆಗೂ ಮಣ್ಣಿಗೂ ನಡುವೆ ನಿಂತು ಕಣ್ಣಾರೆ ಕಾಣುವುದಕ್ಕೂ ಬಹಳ ವ್ಯತ್ಯಾಸವಿದೆ.

ಗುಡುಗಿದರೆ ಆಟ ಮುಗಿಯಿತು

ತಂದೆ ತಾಯಿಯರ ಒಂದು ಭಯ ಮಾತ್ರ ನೂರಕ್ಕೆ ನೂರು ಸರಿ. ಅದು ಸಿಡಿಲು. ಭಾರತದಲ್ಲಿ ವರ್ಷವೊಂದಕ್ಕೆ ಎರಡು ಸಾವಿರಕ್ಕೂ ಹೆಚ್ಚು ಮಂದಿ ಸಿಡಿಲಿಗೆ ಬಲಿಯಾಗುತ್ತಾರೆ. ಮಳೆ ಬಂತೆಂದು ಮರದಡಿ ನಿಂತವರು ಅವರಲ್ಲಿ ಅನೇಕರು. ಮರಕ್ಕೆ ಬಡಿದ ಸಿಡಿಲು ಕಾಂಡದಿಂದ ಪಕ್ಕದಲ್ಲಿ ನಿಂತ ಮನುಷ್ಯನ ಮೈಗೆ ಹಾರಬಲ್ಲದು. ಬೇರಿನ ಸುತ್ತಲಿನ ನೆಲದಲ್ಲಿಯೂ ಹರಿಯಬಲ್ಲದು. ಬೋಳು ಬಂಡೆಯ ನೆತ್ತಿಯೂ ಅಷ್ಟೇ ಅಪಾಯ.

ಕೈಗಡಿಯಾರ ಬೇಕಾಗುವುದು ಇಲ್ಲಿ. ಮಿಂಚು ಕಂಡ ಕ್ಷಣದಿಂದ ಗುಡುಗು ಕೇಳುವವರೆಗಿನ ಸೆಕೆಂಡುಗಳನ್ನು ಎಣಿಸಿ ಮೂರರಿಂದ ಭಾಗಿಸಿದರೆ ದೂರ ಕಿ.ಮೀ.ಗಳಲ್ಲಿ ಸಿಗುತ್ತದೆ. ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್ ಎಂಬ ಪಾಠದ ಉಪಯೋಗವಿದು. ಎಣಿಕೆ 30ಕ್ಕಿಂತ ಕಡಿಮೆಯಾದರೆ ಸಿಡಿಲು ಹತ್ತು ಕಿ.ಮೀ. ಒಳಗಿದೆ, ಗೋಡೆ ಬಾಗಿಲುಗಳಿರುವ ಪಕ್ಕಾ ಕಟ್ಟಡದೊಳಕ್ಕೆ ಅಥವಾ ಮುಚ್ಚಿದ ವಾಹನದೊಳಕ್ಕೆ ತಕ್ಷಣ ಸೇರಬೇಕು. ಕೊನೆಯ ಗುಡುಗು ಕೇಳಿ ಅರ್ಧ ಗಂಟೆಯಾಗುವವರೆಗೆ ಹೊರಬರಬಾರದು. ಪುಣೆಯ ಐ.ಐ.ಟಿ.ಎಂ. ರೂಪಿಸಿದ ‘ದಾಮಿನಿ’ ಆ್ಯಪ್ ಮೊಬೈಲಿನಲ್ಲಿ ಮುನ್ಸೂಚನೆ ಕೊಡುತ್ತದೆ.

ಗೆಳೆಯರ ಗುಂಪಿನಲ್ಲಿ ‘ಏನೂ ಆಗಲ್ಲ ಬಾರೋ’ ಎನ್ನುವವನೊಬ್ಬ ಇದ್ದೇ ಇರುತ್ತಾನೆ. ಅವನನ್ನು ಬಿಟ್ಟು ಓಡುವುದೂ ತರವಲ್ಲ, ಅವನ ಮಾತಿಗೆ ಕಟ್ಟುಬಿದ್ದು ನಿಲ್ಲುವುದೂ ತರವಲ್ಲ. ಎಣಿಸುವ ಕೆಲಸವನ್ನು ಅವನಿಗೇ ಒಪ್ಪಿಸುವುದು ಜಾಣತನ. ಹನ್ನೆರಡು ಸೆಕೆಂಡು ಎಂದು ಸ್ವತಃ ಎಣಿಸಿದವನು ಎಲ್ಲರಿಗಿಂತ ಮುಂದೆ ಓಡುತ್ತಾನೆ! ಬೆಳಿಗ್ಗೆ ಹೋಗಿ, ಮಧ್ಯಾಹ್ನದ ಮೋಡ ಬೆಳೆಯುವ ಮೊದಲೇ ಮನೆ ಸೇರುವುದು ಇನ್ನೂ ಜಾಣತನ.

ಮಾಡಿ ನೋಡಿ

ನೆಟ್ಟನೆಯ ಗೋಡೆಯ ಒಂದು ಲೀಟರ್ ಪ್ಲಾಸ್ಟಿಕ್ ಬಾಟಲಿಯ ಮೇಲ್ಭಾಗವನ್ನು ಕತ್ತರಿಸಿ, ಆಲಿಕೆಯಂತೆ ತಲೆಕೆಳಗಾಗಿ ಅದರಲ್ಲೇ ಕೂರಿಸಿ. ತಳ ಸಮವಿಲ್ಲದ್ದರಿಂದ ಸ್ವಲ್ಪ ನೀರು ಹಾಕಿ, ಆ ಮಟ್ಟದಲ್ಲಿ ಸೊನ್ನೆಯ ಗೆರೆ ಎಳೆಯಿರಿ. ಅಲ್ಲಿಂದ ಮೇಲಕ್ಕೆ ಮಿ.ಮೀ. ಸ್ಕೇಲ್ ಅಂಟಿಸಿದರೆ ಮಳೆಮಾಪಕ ಸಿದ್ಧ. ಮರ, ಗೋಡೆಗಳಿಂದ ದೂರ ಬಯಲಿನಲ್ಲಿಡಿ. ಒಂದು ಮಿ.ಮೀ. ಎಂದರೆ ಚದರ ಮೀಟರಿಗೆ ಒಂದು ಲೀಟರ್. ನಾಲ್ವರು ಗೆಳೆಯರು ತಂತಮ್ಮ ಮನೆಗಳಲ್ಲಿ ಇಟ್ಟು ಒಂದು ವಾರ ಬರೆದುಕೊಳ್ಳಲಿ. ನಾಲ್ಕು ಮನೆಗಳ ಅಳತೆ ಒಂದೇ ಆಗಿರುವುದು ಅಪರೂಪ. ಏಕೆಂದು ಯೋಚಿಸುವಷ್ಟರಲ್ಲಿ ಚಿತ್ತಾ ಮುಗಿದು ಸ್ವಾತಿ ಮಳೆ ಶುರುವಾಗಿರುತ್ತದೆ. ಮತ್ತೊಮ್ಮೆ ಅಳೆದು ನೋಡಬಹುದು.