"ಸರ್ವರ್ ಇಲ್ಲ" ಅಂದ್ರೆ ಸಾಕಾ?

"ಸರ್ವರ್ ಇಲ್ಲ" ಅನ್ನೋ ಮಾತು ನಮ್ಮ ಕಡೆ ಕರೆಂಟ್ ಹೋಯ್ತು ಅಂದಷ್ಟೇ ಸಲೀಸಾಗಿಬಿಟ್ಟೈತೆ. ಅರ್ಜಿ ಕೊಡೋಕೆ ಹೋದ್ರೂ ಅದೇ, ಪಹಣಿ ತೆಗೆಸೋಕೆ ಹೋದ್ರೂ ಅದೇ. ನಾವೂ ಸುಮ್ನೆ ಎದ್ದು ಬರ್ತೀವಿ. ಈಗ ಮನೆ ಹೆಣ್ಮಕ್ಕಳೂ "ಡೇಟಾಬೇಸ್ ಕನೆಕ್ಟ್ ಆಗ್ತಿಲ್ಲ ದೊಡ್ಡಮ್ಮ" ಅಂತ ಲ್ಯಾಪ್‌ಟಾಪ್ ಮುಚ್ಚಿ ಕೂರ್ತಾರೆ. ನಾನಿದನ್ನ ಒಪ್ಪಲ್ಲ. ಯಾವ ಬಾಗಿಲ ಹತ್ರ ನಿಂತೋಯ್ತು ಅಂತ ನೋಡಬೇಕು.

ಅಜ್ಜಂಪುರದ ನನ್ನ ತಂಗಿ ಮಗಳು ರಜಕ್ಕೆ ಕಡೂರಿಗೆ ಬಂದಿದ್ಲು. ಗೂಗಲ್ ಕೊಲ್ಯಾಬ್ ಅನ್ನೋದ್ರಲ್ಲಿ ಪೈಥಾನ್ ಬರೀತಿದ್ಲು. ನಾನು ಓದಿರೋದು ಪಿಯುಸಿ. ಪಕ್ಕದಲ್ಲಿ ಅವರೆಕಾಯಿ ಸುಲೀತಾ ಕೇಳಿ ಕೇಳಿ ತಿಳ್ಕೊಂಡೆ.

ಕೊಲ್ಯಾಬ್ ಪುಸ್ತಕ ಕಾಣೋದು ನಮ್ಮ ಪರದೆ ಮೇಲೆ, ಕೆಲಸ ನಡೆಯೋದು ಎಲ್ಲೋ ದೂರದ ಗೂಗಲ್ ಕಂಪ್ಯೂಟರಲ್ಲಿ. ಅವಳ ಮೈಎಸ್‌ಕ್ಯೂಎಲ್ ಇದ್ದಿದ್ದು ಅವಳ ಲ್ಯಾಪ್‌ಟಾಪಲ್ಲಿ. ವಿಳಾಸದ ಜಾಗದಲ್ಲಿ "ಲೋಕಲ್‌ಹೋಸ್ಟ್" ಅಂತ ಬರೆದಿದ್ಲು. ಹಂಗಂದ್ರೆ "ಇಲ್ಲೇ" ಅಂತ, ನಂಬರಲ್ಲಿ 127.0.0.1. ಯಾರು ಹೇಳ್ತಾರೋ ಅವರ "ಇಲ್ಲೇ" ಕಣ್ರಿ. ತರೀಕೆರೆಗೆ ಕೊಟ್ಟ ಮಗಳು ಅತ್ತೆ ಮನೇಲಿ ನಿಂತು "ತುಪ್ಪ ಮನೇಲೇ ಐತೆ" ಅಂದ್ರೆ ಅತ್ತೆ ಅಡುಗೆಮನೇಲಿ ಹುಡುಕ್ತಾರೆ. ತುಪ್ಪ ನಮ್ಮ ನಾಗೊಂದಿಗೇಲಿ ಇದ್ರೆ ಎಲ್ಲಿಂದ ಸಿಕ್ಕೀತು? 192.168 ಅಂತ ಶುರುವಾಗೋ ನಂಬರೂ ಹಂಗೇ, ಮನೆಯೊಳಗೆ ಕರೆಯೋ ಹೆಸರು. ಪೋಸ್ಟಿನ ವಿಳಾಸದಲ್ಲಿ "ಪುಟ್ಟಿ" ಅಂತ ಬರೆದ್ರೆ ಕಾಗದ ಮುಟ್ಟುತ್ತಾ?

ಅವಳು ಮೂರು ಸಲ ಪಾಸ್‌ವರ್ಡ್ ಬದಲಾಯಿಸಿದ್ಲು. ಬೀರೂರು ಜಂಕ್ಷನ್‌ನಲ್ಲಿ ತರೀಕೆರೆ ರೈಲು ಬಿಟ್ಟು ಅಜ್ಜಂಪುರದ ಕಡೆ ರೈಲು ಹತ್ತಿದ ಮೇಲೆ ಟಿಕೆಟ್ ತಿದ್ದಿ ಏನು ಪ್ರಯೋಜನ? ಕೆಂಪಗೆ ಬಂದ ಸಾಲನ್ನ ಓದು ಅಂದೆ. 111, ಕನೆಕ್ಷನ್ ರೆಫ್ಯೂಸ್ಡ್. ಅಂದ್ರೆ ಮನೆವರೆಗೂ ಹೋದ್ವಿ, ಆ ಬಾಗಿಲ ಹಿಂದೆ ಯಾರೂ ಕೂತಿಲ್ಲ. ಟೈಮ್ಡ್ ಔಟ್ ಅಂತ ಬಂದ್ರೆ ಬಡಿದು ಬಡಿದು ಸಾಕಾಯ್ತು, ಓ ಅನ್ನೋರಿಲ್ಲ. ವಿಳಾಸ ತಪ್ಪಿರುತ್ತೆ, ಇಲ್ಲಾ ನಡುವೆ ಫೈರ್‌ವಾಲ್ ತಡೆದಿರುತ್ತೆ. 1045, ಆಕ್ಸೆಸ್ ಡಿನೈಡ್ ಅಂತ ಬಂದ್ರೆ ಅರ್ಧ ಗೆದ್ದಂಗೆ. ಬಾಗಿಲು ತೆಗೆದು ಮುಖ ನೋಡಿದಾರೆ. ಹೆಸರೋ ಪಾಸ್‌ವರ್ಡೋ ತಪ್ಪು, ಇಲ್ಲಾ ಆ ಹೆಸರಿನೋರಿಗೆ ಆ ಕಡೆಯಿಂದ ಬರೋಕೆ ಅಪ್ಪಣೆ ಇಲ್ಲ. ಪಾಸ್‌ವರ್ಡಲ್ಲಿ @ ಇದ್ದು ಎಲ್ಲಾನೂ ಒಂದೇ ಸಾಲಿನ ಕೊಂಡಿಯಾಗಿ ಬರೆಯೋದಾದ್ರೆ ಅದನ್ನ %40 ಅಂತ ಬರೀಬೇಕಂತೆ. ಇದನ್ನ ಅವಳೇ ಹುಡುಕಿದ್ಲು, ಜಾಣೆ.

ಆಮೇಲೆ ಅವಳ ಗೆಳತಿ ಫೋನಲ್ಲಿ ಒಂದು ಉಪಾಯ ಹೇಳಿದ್ಲು. ಡೇಟಾಬೇಸನ್ನ ಇಂಟರ್ನೆಟ್ಟಲ್ಲಿ ಇಟ್ಟು, ಯಾರು ಬರಬಹುದು ಅನ್ನೋ ಪಟ್ಟೀಲಿ 0.0.0.0/0 ಅಂತ ಹಾಕಿಬಿಡು, ಎಲ್ಲಾ ಸರಿಹೋಗುತ್ತೆ ಅಂತ. ಹಂಗಂದ್ರೆ ಲೋಕದಲ್ಲಿ ಯಾರು ಬೇಕಾದ್ರೂ ಬಾಗಿಲಿಗೆ ಬನ್ನಿ ಅಂತ ಅರ್ಥ. ಕೊಲ್ಯಾಬಲ್ಲಿ ಹೊಸದಾಗಿ ಶುರು ಮಾಡಿದಾಗ ಬೇರೆ ಕಂಪ್ಯೂಟರ್ ಸಿಗಬಹುದು, ಅದರ ನಂಬರೂ ಬೇರೆ. ಇವತ್ತು ಪಟ್ಟೀಲಿ ಸೇರಿಸಿದ್ದು ನಾಳೆ ಕೆಲಸಕ್ಕೆ ಬರದೆ ಹೋಗುತ್ತೆ. ಅದಕ್ಕೇ ಬೇಜಾರಾಗಿ ಮಕ್ಕಳು ಹಿಂಗೆ ಮಾಡೋದು. ಬೇಜಾರು ನನಗೂ ಅರ್ಥ ಆಗುತ್ತೆ.

ಆದ್ರೆ ಅವಳು ಪ್ರಾಜೆಕ್ಟಿಗೆ ಹಾಕ್ಕೊಂಡಿದ್ದು ಏನು ಗೊತ್ತಾ? ನಮ್ಮ ಬೀದಿ ಸ್ತ್ರೀಶಕ್ತಿ ಸಂಘದ ಲೆಕ್ಕದ ಪುಸ್ತಕ. ಯಾರು ಎಷ್ಟು ಸಾಲ ತಗೊಂಡ್ರು, ಯಾರ ಕಂತು ನಿಂತೈತೆ, ಎಲ್ಲರ ಫೋನ್ ನಂಬರು. ಇದನ್ನ ಓದ್ತಿರೋ ನಿಮ್ಮಲ್ಲೇ ಎಷ್ಟೋ ಜನರ ಹೆಸರು ಅದ್ರಲ್ಲೈತೆ. ಗಂಡನಿಗೂ ಹೇಳದೆ ಸಾಲ ತಗೊಂಡೋರು ಇದ್ದಾರೆ. "ಕಲಿಯೋಕೆ ತಾನೇ ದೊಡ್ಡಮ್ಮ" ಅಂದ್ಲು. ಕಲಿಯೋಕಾದ್ರೆ ಹೆಸರು ಯಾಕೆ ಬೇಕು? ಕೂತು ಹೆಸರಿನ ಜಾಗಕ್ಕೆ ಒಂದು, ಎರಡು ಅಂತ ಹಾಕಿಸಿದೆ, ಫೋನ್ ನಂಬರು ಪೂರ್ತಿ ಅಳಿಸಿದೆ.

ಅಷ್ಟು ಪುಟ್ಟ ಲೆಕ್ಕಕ್ಕೆ ದೂರದ ಸರ್ವರೂ ಬೇಕಿರಲಿಲ್ಲ. ಎಸ್‌ಕ್ಯೂಲೈಟ್ ಅನ್ನೋದು ಪೈಥಾನ್ ಜೊತೇಲೇ ಬರುತ್ತೆ, ಇಡೀ ಡೇಟಾಬೇಸ್ ಒಂದೇ ಫೈಲು. ವಿಳಾಸ ಬೇಡ, ಬಾಗಿಲು ಬೇಡ. ಕೊಲ್ಯಾಬ್ ಕಂಪ್ಯೂಟರ್ ಹೋದಾಗ ಅದರೊಳಗಿನ ಫೈಲೂ ಹೋಗುತ್ತೆ, ಅದಕ್ಕೆ ಡ್ರೈವಲ್ಲಿ ಇಟ್ಟಳು. ಮುಂದೆ ಕೆಲಸಕ್ಕೆ ಸೇರಿದ ಮೇಲೆ ಸರ್ವರ್ ಬೇಕೇ ಬೇಕಾಗುತ್ತೆ. ಆಗ ಪಾಸ್‌ವರ್ಡನ್ನ ಪುಸ್ತಕದಲ್ಲೇ ಬರೆದು ಗೆಳತಿಯರಿಗೆ ಕಳಿಸಬಾರದು. ಎಡಗಡೆ ಬೀಗದಕೈ ಗುರುತಿನ "ಸೀಕ್ರೆಟ್ಸ್" ಅಂತ ಒಂದು ಜಾಗ ಐತೆ, ಅಲ್ಲಿಡಬೇಕು.

ಸಂಘದ ಪುಸ್ತಕದ ಫೋಟೋ ಯಾರೇ ಕೇಳಲಿ, ನಮ್ಮ ಮಕ್ಕಳೇ ಆಗಲಿ, ಎಲ್ಲರ ಒಪ್ಪಿಗೆ ಇಲ್ಲದೆ ಕೊಡಬಾರದು ಅಂತ ಮುಂದಿನ ಸಭೇಲಿ ಹೇಳೋಳಿದ್ದೀನಿ. ಬರೋರು ಬನ್ನಿ.