ಚಳಿಗಾಲಕ್ಕೆ ಮುಂಚೆ

ಜೂನ್ ತಿಂಗಳು ಬಂತೆಂದರೆ ಗಡಿನಾಡಿನ ಮನೆಗಳಲ್ಲಿ ಒಂದು ಮಾತುಕತೆ ನಡೆದೇ ನಡೆಯುತ್ತದೆ. ಮಗುವನ್ನು ಕನ್ನಡ ಶಾಲೆಗೆ ಸೇರಿಸುವುದೋ, ಬೇರೆ ಮಾಧ್ಯಮಕ್ಕೆ ಕಳುಹಿಸುವುದೋ? ಕಾರಣಗಳಿಗೆ ಕೊರತೆಯಿಲ್ಲ. ದೂರ, ಬಸ್ಸು, ಮುಂದಿನ ಉದ್ಯೋಗ, ಅಜ್ಜನ ಆಸೆ, ನೆರೆಮನೆಯವರ ಮಾತು. ತೀರ್ಮಾನವಾದ ಮೇಲೆ, ಅದು ಕ್ರೈಸ್ತರ ಮನೆಯಾದರೆ, ‘ದೇವರ ಚಿತ್ತ ಹಾಗಿತ್ತು’ ಎಂಬ ಮಾತೊಂದು ಬಂದು ಸೇರಿಕೊಳ್ಳುತ್ತದೆ. ಅದು ಸುಳ್ಳೆಂದು ಹೇಳುವ ಅಧಿಕಾರ ಯಾರಿಗೂ ಇಲ್ಲ. ಆದರೆ ಪ್ರಾರ್ಥನೆಯ ನಂತರ ತೀರ್ಮಾನ ಬಂತೋ, ತೀರ್ಮಾನದ ನಂತರ ಪ್ರಾರ್ಥನೆ ಬಂತೋ ಎಂಬುದು ಆ ಮನೆಯವರಿಗೇ ಅನೇಕ ಸಲ ಸ್ಪಷ್ಟವಿರುವುದಿಲ್ಲ. ಕನ್ನಡ ಶಾಲೆಯನ್ನು ಆರಿಸಿಕೊಂಡವರೂ ಇದಕ್ಕೆ ಹೊರತಲ್ಲ. ಭಾಷಾಭಿಮಾನವೆಂದು ಹೇಳಿದ್ದರಲ್ಲಿ ಶುಲ್ಕದ ಲೆಕ್ಕವೂ ಒಂದಿಷ್ಟು ಬೆರೆತಿರಬಹುದು.

ಈ ಗೊಂದಲವನ್ನು ಮುಚ್ಚಿಡದೆ ಬರೆದಿಟ್ಟವರೊಬ್ಬರು ಜರ್ಮನಿಯ ಸಭಾಪಾಲಕ ಡೀಟ್ರಿಶ್ ಬೋನ್‌ಹೋಫರ್. 1906ರಲ್ಲಿ ಹುಟ್ಟಿದ ಅವರು ಹಿಟ್ಲರನು ಅಧಿಕಾರಕ್ಕೆ ಬಂದ ಆರಂಭದ ದಿನಗಳಿಂದಲೇ ಅವನನ್ನು ವಿರೋಧಿಸಿದವರು. ಯೆಹೂದ್ಯ ಮೂಲದವರು ಸಭಾಪಾಲಕರಾಗಬಾರದೆಂಬ ನಿಯಮವನ್ನು ಜರ್ಮನಿಯ ಸಭೆಯಲ್ಲಿ ತರಹೊರಟಾಗ ಅವರು ಅದನ್ನು ಖಂಡಿಸಿದರು. ಆದರೆ ಜೊತೆಗಿದ್ದ ಸ್ನೇಹಿತರಲ್ಲಿಯೂ ಅಷ್ಟು ದೂರ ಬರುವವರು ಕಡಿಮೆಯಿದ್ದರು. 1933ರ ಅಕ್ಟೋಬರಿನಲ್ಲಿ ಅವರು ಲಂಡನ್ನಿನ ಎರಡು ಜರ್ಮನ್ ಸಭೆಗಳ ಸೇವೆಗೆಂದು ಹೊರಟುಹೋದರು.

ಹೋದ ಮೇಲೆ ಅವರು ದೈವಜ್ಞಾನಿ ಕಾರ್ಲ್ ಬಾರ್ಟ್ ಅವರಿಗೆ ಬರೆದ ಪತ್ರ ಉಳಿದಿದೆ. ತನ್ನ ಮುಂದೆ ಬಂದು ನಿಂತ ಪ್ರಶ್ನೆಗಳನ್ನೂ ಬೇಡಿಕೆಗಳನ್ನೂ ಹೊರುವ ಶಕ್ತಿ ತನ್ನಲ್ಲಿ ಉಳಿದಿರಲಿಲ್ಲವೆಂದು ಅದರಲ್ಲಿ ಅವರು ಒಪ್ಪಿಕೊಂಡರು. ಇನ್ನೊಂದು ಮಾತನ್ನೂ ಸೇರಿಸಿದರು: ಹೊರಡುವ ಮೊದಲು ಬಾರ್ಟ್ ಅವರನ್ನು ಕೇಳಬಹುದಾಗಿತ್ತು, ಕೇಳಿದ್ದರೆ ಅವರು ಹೇಳಿದಂತೆಯೇ ಮಾಡಬೇಕಾಗುತ್ತಿತ್ತು, ಅದಕ್ಕಾಗಿಯೇ ಕೇಳಲಿಲ್ಲ. ಬಾರ್ಟ್ ಅವರ ಉತ್ತರ ಕಟುವಾಗಿತ್ತು. ಮೊದಲು ಸಿಗುವ ಹಡಗಿನಲ್ಲಿಯೇ, ತಪ್ಪಿದರೆ ಅದರ ಮುಂದಿನದರಲ್ಲಿ, ಮರಳಬೇಕೆಂದು ಅವರು ಬರೆದರು. ಬೋನ್‌ಹೋಫರ್ ಆಗ ಮರಳಲಿಲ್ಲ. 1935ರವರೆಗೆ ಲಂಡನ್ನಿನಲ್ಲಿಯೇ ಇದ್ದರು.

ಯಾರ ಉತ್ತರಕ್ಕೆ ಮಣಿಯಬೇಕಾಗುತ್ತದೆಯೋ ಅವರೊಬ್ಬರನ್ನು ಬಿಟ್ಟು ಉಳಿದವರೆಲ್ಲರ ಸಲಹೆ ಕೇಳುವುದು ಮನುಷ್ಯನ ಹಳೆಯ ಜಾಣತನ. ಯೋನನು ನಿನೆವೆಯ ದಾರಿ ಬಿಟ್ಟು ತಾರ್ಷೀಷಿನ ಹಡಗು ಹತ್ತಿದ್ದೂ ಇದೇ ಕುಲದ ಪ್ರಯಾಣ. ಊರೆಲ್ಲ ವಿಚಾರಿಸಿ ಮಗುವಿನ ಶಾಲೆಯನ್ನು ಗೊತ್ತುಮಾಡಿದವರು ಪಕ್ಕದ ಶಾಲೆಯ ಮುಖ್ಯೋಪಾಧ್ಯಾಯರನ್ನು ಮಾತ್ರ ಕೇಳದೆ ಉಳಿದಿದ್ದರೆ, ಅದು ಮರೆವಿನಿಂದ ಆದುದೇ ಎಂದು ಯೋಚಿಸಬೇಕಾಗುತ್ತದೆ.

ಲಂಡನ್ನಿನಲ್ಲಿದ್ದಾಗ ಬೋನ್‌ಹೋಫರ್ ಅವರಿಗೆ ಭಾರತಕ್ಕೆ ಬಂದು ಗಾಂಧೀಜಿಯವರ ಆಶ್ರಮದಲ್ಲಿ ಕೆಲಕಾಲ ಇರಬೇಕೆಂಬ ಬಯಕೆಯಿತ್ತು. 1934ರ ನವೆಂಬರಿನಲ್ಲಿ ಗಾಂಧೀಜಿಯವರಿಂದ ಆಹ್ವಾನದ ಪತ್ರವೂ ಬಂತು. ಆದರೆ ಅಷ್ಟರಲ್ಲಿ ಸರಕಾರಕ್ಕೆ ಮಣಿಯದ ಸಭೆಯವರು ತಮ್ಮ ಸಭಾಪಾಲಕರ ತರಬೇತಿ ಶಾಲೆಯನ್ನು ನಡೆಸಲು ಅವರನ್ನು ಕರೆದರು. ಅವರು ಹೋದರು. ಭಾರತದ ಯಾತ್ರೆ ಕೈಗೂಡಲಿಲ್ಲ. ಫಿಂಕೆನ್‌ವಾಲ್ಡೆಯ ಆ ಶಾಲೆಯನ್ನು 1937ರಲ್ಲಿ ಗುಪ್ತ ಪೊಲೀಸರು ಮುಚ್ಚಿಸಿದರು.

1939ರಲ್ಲಿ ಪರೀಕ್ಷೆ ಮತ್ತೆ ಎದುರಾಯಿತು. ಅವರ ವಯಸ್ಸಿನವರನ್ನು ಸೈನ್ಯಕ್ಕೆ ಕರೆಯುವ ಕಾಲ ಹತ್ತಿರವಾಗಿತ್ತು. ಹಿಟ್ಲರನ ಹೆಸರಿನಲ್ಲಿ ಪ್ರಮಾಣ ಮಾಡಲು ಅವರ ಅಂತಃಕರಣ ಒಪ್ಪದು. ನಿರಾಕರಿಸಿದರೆ ಅವರ ಸಭೆಯವರೆಲ್ಲರಿಗೂ ಆಪತ್ತು. ಅಮೆರಿಕದಲ್ಲಿದ್ದ ರೈನ್‌ಹೋಲ್ಡ್ ನೀಬೂರ್ ಮತ್ತು ಪಾಲ್ ಲೆಹ್ಮನ್ ಎಂಬ ಸ್ನೇಹಿತರು ಶ್ರಮಪಟ್ಟು ಅಲ್ಲಿಂದ ಕರೆ ಬರುವಂತೆ ಮಾಡಿದರು. ಜೂನ್ 12ರಂದು ಅವರು ನ್ಯೂಯಾರ್ಕಿನಲ್ಲಿ ಇಳಿದರು. ಹೊರಟುಬರಲು ಇದ್ದ ಕಾರಣಗಳಲ್ಲಿ ಒಂದೂ ಸುಳ್ಳಾಗಿರಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಸುಳ್ಳು ಕಾರಣವನ್ನು ಗುರುತಿಸುವುದು ಸುಲಭ. ಎಲ್ಲ ಕಾರಣಗಳೂ ನಿಜವಾಗಿದ್ದು, ಅವುಗಳ ಕೆಳಗೆ ಮತ್ತೊಂದು ಅಡಗಿರಬಹುದೇ ಎಂದು ಹುಡುಕುವುದು ಕಷ್ಟ.

ಅಲ್ಲಿ ಒಳ್ಳೆಯ ಕೊಠಡಿಯಿತ್ತು, ಪುಸ್ತಕಗಳಿದ್ದವು, ಆದರಿಸುವ ಜನರಿದ್ದರು. ಮನಸ್ಸಿಗೆ ಮಾತ್ರ ನೆಮ್ಮದಿಯಿರಲಿಲ್ಲ. ಊರಿನಲ್ಲಿ ಉಳಿದ ಸಹೋದರರು ಈಗ ಏನು ಮಾಡುತ್ತಿರಬಹುದು ಎಂಬ ಚಿಂತೆ ದಿನಚರಿಯಲ್ಲಿ ಮತ್ತೆ ಮತ್ತೆ ಬರುತ್ತದೆ. ಜರ್ಮನಿಯಿಂದ ಬಂದ ನಿರಾಶ್ರಿತರ ನಡುವೆ ಅವರಿಗೊಂದು ಕೆಲಸ ಸಿದ್ಧವಾಗಿತ್ತು. ಅದನ್ನು ಒಪ್ಪಿಕೊಂಡರೆ ಜರ್ಮನಿಗೆ ಮರಳುವ ಬಾಗಿಲು ಮುಚ್ಚಿದಂತೆಯೇ. ಜೂನ್ 20ರಂದು ಅವರು ಆ ಕೆಲಸ ಬೇಡವೆಂದರು.

ಅಂದು ರಾತ್ರಿ ಅವರು ಬರೆದುದು ಗೆದ್ದವನ ಮಾತಲ್ಲ. ತನ್ನ ಯಾವ ತೀರ್ಮಾನದ ಪ್ರೇರಣೆಯೂ ತನಗೆ ಪೂರ್ತಿ ತಿಳಿದಿರುವುದಿಲ್ಲವೆಂದು ಅವರು ಅಚ್ಚರಿಪಟ್ಟರು. ಇದು ಮನಸ್ಸಿನ ಗೊಂದಲವೋ, ಒಳಗಿನ ಅಪ್ರಾಮಾಣಿಕತೆಯೋ, ಅಥವಾ ಮನುಷ್ಯನು ತನ್ನ ತಿಳಿವಳಿಕೆಯನ್ನು ಮೀರಿ ನಡೆಸಲ್ಪಡುತ್ತಾನೆಂಬುದರ ಗುರುತೋ? ಎರಡೂ ಇರಬಹುದೆಂದು ಅವರಿಗೆ ತೋರಿತು. ಕೊಟ್ಟ ಕಾರಣಗಳಲ್ಲಿ ಎಷ್ಟು ಅಂಜಿಕೆ ಬೆರೆತಿದೆ, ಎಷ್ಟು ನಿಜವಿದೆ ಎಂದು ಅಳೆದು ಮುಗಿಸಲಾರದೆ, ಅದನ್ನು ನೋಡಿ ತೀರ್ಪು ಮಾಡುವ, ಕ್ಷಮಿಸುವ ದೇವರ ಕೈಗೆ ಬಿಟ್ಟರು. ‘ದೇವರು ಹೇಳಿದರು, ಆದ್ದರಿಂದ ಮರಳುತ್ತೇನೆ’ ಎಂದು ಬರೆದುಬಿಡುವುದು ಎಷ್ಟೋ ಸುಲಭವಾಗಿತ್ತು.

ಜೂನ್ 26ರಂದು ಅವರ ಓದಿಗೆ ಬಂದುದು ತಿಮೊಥೆಯನಿಗೆ ಬರೆದ ಎರಡನೆಯ ಪತ್ರಿಕೆಯ ಕೊನೆಯ ಅಧ್ಯಾಯ. ಸೆರೆಯಲ್ಲಿರುವ ಪೌಲನು ತ್ರೋವದಲ್ಲಿ ಬಿಟ್ಟುಬಂದ ಮೇಲಂಗಿಯನ್ನೂ ಪುಸ್ತಕಗಳನ್ನೂ ತರುವಂತೆ ತಿಳಿಸಿ, ಚಳಿಗಾಲಕ್ಕೆ ಮುಂಚೆ ಬಂದುಬಿಡೆಂದು ಕೇಳಿಕೊಳ್ಳುತ್ತಾನೆ. ಆ ಕೋರಿಕೆ ದಿನವಿಡೀ ಅವರನ್ನು ಬಿಡಲಿಲ್ಲ. ರಜೆಯಲ್ಲಿ ಮನೆಗೆ ಬಂದ ಸೈನಿಕನನ್ನು ರಣರಂಗವೇ ಮತ್ತೆ ಎಳೆಯುವಂತೆ ತಮ್ಮ ಸ್ಥಿತಿಯಾಗಿದೆಯೆಂದು ಅವರು ಬರೆದುಕೊಂಡರು. ತಾನಿಲ್ಲದೆ ಅಲ್ಲಿ ಕೆಲಸ ನಡೆಯದೆಂದಲ್ಲ, ದೇವರಿಗೆ ತನ್ನ ಅಗತ್ಯವಿದೆಯೆಂದೂ ಅಲ್ಲ. ತನ್ನ ಬದುಕು ಅಲ್ಲಿದೆ, ಅಷ್ಟೆ. ಇದರಲ್ಲಿ ಭಕ್ತಿಯೇನೂ ಇಲ್ಲವೆಂದು ಕೂಡ ಅವರೇ ಸೇರಿಸಿದರು. ಆದರೂ ಆ ವಚನವನ್ನು ತನಗೇ ಹೇಳಿದ್ದೆಂದು ತೆಗೆದುಕೊಂಡರೆ ವಾಕ್ಯವನ್ನು ದುರುಪಯೋಗಪಡಿಸಿದಂತಾಗದು ಎಂದುಕೊಂಡರು.

ಹೊಸವರ್ಷದ ರಾತ್ರಿ ವಾಗ್ದಾನದ ಚೀಟಿ ತೆಗೆಯುವ ಮನೆಗಳಿಗೆ ಈ ಅಳುಕು ಪರಿಚಿತವಾಗಿರಬೇಕು. ಬಯಸಿದ್ದೇ ಬಂದರೆ ದೇವರ ಮಾತು, ಬಯಸದ್ದು ಬಂದರೆ ಇನ್ನೊಂದು ಚೀಟಿ. ಬೋನ್‌ಹೋಫರ್ ಅವರಿಗೆ ಬಂದ ವಚನ ದುಬಾರಿಯಾಗಿತ್ತು. ಆ ಕಾರಣಕ್ಕೇ ಅದು ದೇವರದೆಂದು ಹೇಳುವಂತೆಯೂ ಇಲ್ಲ. ಕಷ್ಟದ ದಾರಿಯನ್ನು ಹೆಮ್ಮೆಯೂ ಆರಿಸಬಲ್ಲದು. ಸಂತೆಯಲ್ಲಿ ತೂಗಿದಂತೆ ಇದನ್ನು ತೂಗುವ ತಕ್ಕಡಿ ಮನುಷ್ಯರಲ್ಲಿಲ್ಲ.

ನೀಬೂರ್ ಅವರಿಗೆ ಅವರು ಕೊಟ್ಟ ವಿವರಣೆ ಸರಳವಾಗಿತ್ತು. ಈ ಸಂಕಟದ ಕಾಲವನ್ನು ತನ್ನ ಜನರೊಡನೆ ಕಳೆಯದಿದ್ದರೆ, ಯುದ್ಧದ ನಂತರ ಜರ್ಮನಿಯ ಕ್ರೈಸ್ತ ಬದುಕನ್ನು ಮತ್ತೆ ಕಟ್ಟುವಾಗ ಅದರಲ್ಲಿ ಕೈಜೋಡಿಸುವ ಹಕ್ಕು ತನಗಿರದು. ಜುಲೈ 7ರ ರಾತ್ರಿ ಅವರು ತಮ್ಮ ಅಣ್ಣ ಕಾರ್ಲ್ ಫ್ರೀಡ್ರಿಶ್ ಅವರ ಜೊತೆಗೆ ಹಡಗು ಹತ್ತಿದರು. ಬೀಳ್ಕೊಡಲು ಬಂದ ಲೆಹ್ಮನ್ ಅವರು ಕಡೆಯ ಗಳಿಗೆಯವರೆಗೂ ತಡೆಯಲು ಯತ್ನಿಸಿದರು. ಸೆಪ್ಟೆಂಬರ್ 1ರಂದು ಯುದ್ಧ ಆರಂಭವಾಯಿತು.

ಮುಂದಿನ ಕಥೆಯೂ ನೇರವಾದುದಲ್ಲ. ಅವರು ಸೈನ್ಯಕ್ಕೆ ಸೇರಲಿಲ್ಲ. ಹಿಟ್ಲರನ ವಿರುದ್ಧ ಸಂಚು ಹೂಡಿದ್ದ ಭಾವ ಹನ್ಸ್ ಫಾನ್ ದೊನಾನಿಯವರ ಮೂಲಕ ಸೇನೆಯ ಗುಪ್ತಚರ ವಿಭಾಗದಲ್ಲಿ ಹೆಸರಿಗೊಂದು ಕೆಲಸ ಪಡೆದು ಸಂಚಿಗೆ ನೆರವಾದರು. ಸುಳ್ಳಿನ ಮರೆಯಲ್ಲಿ ಬಾಳಬೇಕಾದ ಬದುಕು ಅದು; ಅದು ನಿರ್ದೋಷವೆಂದು ಅವರು ಎಂದೂ ಸಾಧಿಸಲಿಲ್ಲ. 1943ರ ಏಪ್ರಿಲ್ 5ರಂದು ಬಂಧನವಾಯಿತು. ಸೇನಾಸೇವೆಯಿಂದ ತಪ್ಪಿಸಿಕೊಂಡರೆಂಬುದೂ ಅವರ ಮೇಲಿನ ಆರೋಪಗಳಲ್ಲೊಂದಾಗಿತ್ತು.

ಆ ವರ್ಷದ ಕ್ರಿಸ್‌ಮಸ್ಸಿಗೆ ಮೂರು ದಿನ ಮೊದಲು ಬರ್ಲಿನ್ನಿನ ಟೇಗೆಲ್ ಸೆರೆಮನೆಯಿಂದ ಸ್ನೇಹಿತ ಎಬರ್‌ಹಾರ್ಡ್ ಬೆತ್ಗೆಯವರಿಗೆ ಅವರು ಪತ್ರ ಬರೆದರು. 1939ರಲ್ಲಿ ಮರಳಿ ಬಂದುದಕ್ಕಾಗಿ ಒಂದು ಕ್ಷಣವೂ ಪಶ್ಚಾತ್ತಾಪಪಟ್ಟಿಲ್ಲವೆಂದೂ, ಈ ಸೆರೆವಾಸ ತನ್ನ ನಾಡಿಗೆ ಬಂದೊದಗಿದುದರಲ್ಲಿ ತನಗೆ ಸೇರಿದ ಪಾಲೆಂದೂ ಅದರಲ್ಲಿದೆ. 1945ರ ಏಪ್ರಿಲ್ 9ರ ಮುಂಜಾನೆ ಫ್ಲಾಸೆನ್‌ಬ್ಯೂರ್ಗಿನಲ್ಲಿ ಅವರನ್ನು ಗಲ್ಲಿಗೇರಿಸಿದರು. ಯುರೋಪಿನಲ್ಲಿ ಯುದ್ಧ ಮುಗಿಯಲು ಒಂದು ತಿಂಗಳೂ ಉಳಿದಿರಲಿಲ್ಲ.